ಒಂದೇ ಮಳೆ, ಒಂದೇ ಮಣ್ಣು: ರಾಗಿ ಉಳಿಯಿತು, ಮೆಕ್ಕೆಜೋಳ ಏಕೆ ಹೋಯಿತು?

ಪ್ರಶ್ನೆ: ಸರ್, ನಮ್ಮದು ಹೊಸದುರ್ಗ ತಾಲ್ಲೂಕು, ಮಳೆ ನಂಬಿದ ಕೆಂಪು ಹೊಲ. ಜೂನ್ 14ಕ್ಕೆ ಮೂರು ಎಕರೆಗೆ ಮೆಕ್ಕೆಜೋಳ ಹಾಕಿದ್ದೆ. ಬದುವಿನ ಆಚೆ ನಮ್ಮ ಚಿಕ್ಕಪ್ಪ ಜುಲೈ 16ಕ್ಕೆ ರಾಗಿ ಬಿತ್ತಿದ್ದರು. ಆಗಸ್ಟ್ 2ರಿಂದ 26ರವರೆಗೆ ಒಂದು ಹನಿ ಬೀಳಲಿಲ್ಲ. ಅವರ ರಾಗಿ ಮುಗಿಯಿತು ಅಂದುಕೊಂಡಿದ್ದೆವು. ಮಳೆ ಬಿದ್ದ ವಾರಕ್ಕೇ ಹಸಿರಾಯಿತು. ನನ್ನ ಮೆಕ್ಕೆಜೋಳವೂ ಹಸಿರಾಯಿತು, ಆದರೆ ತೆನೆ ಬಿಚ್ಚಿದರೆ ಬರೀ ಬೆಂಡು. ನಡುವೆ ಅಂಗಡಿಯವರು ‘ಬರ ತಡೆಯುವ ಟಾನಿಕ್’ ಅಂತ ಕೊಟ್ಟಿದ್ದನ್ನು ಎರಡು ಸಲ ಹೊಡೆದೆ, ಏನೂ ಆಗಲಿಲ್ಲ. ರಾಗಿಯಲ್ಲಿ ಅಂಥದ್ದೇನಿದೆ? ಆ ಶಕ್ತಿ ಮೆಕ್ಕೆಜೋಳಕ್ಕೆ ಬರಿಸುವ ಔಷಧಿಯೋ ತಳಿಯೋ ಇದೆಯೇ? ಇನ್ನೊಂದು ಮಾತು: ನಮ್ಮ ಬೀಗರದು ಗಂಗಾವತಿ ಕಡೆ. ಅವರ ಗದ್ದೆಯಲ್ಲಿ ನೀರಿದ್ದರೂ ಭತ್ತ ಬಾಡುತ್ತದಂತೆ. ಅದೂ ಇದೇ ಕಾಯಿಲೆಯೇ? ಕಾಳಿಲ್ಲದ ಮೆಕ್ಕೆಜೋಳವನ್ನು ದನಕ್ಕೆ ಕೊಯ್ದು ಹಾಕಬಹುದೇ?

ಉತ್ತರ: ಬಿತ್ತಿದ ತಾರೀಕು, ಮಳೆ ನಿಂತ ತಾರೀಕು ಎರಡನ್ನೂ ಬರೆದಿದ್ದೀರಿ. ನನಗೆ ಬರುವ ಹತ್ತು ಪತ್ರಗಳಲ್ಲಿ ಒಂಬತ್ತರಲ್ಲಿ ಅವು ಇರುವುದಿಲ್ಲ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಆ ತಾರೀಕುಗಳಲ್ಲೇ ಇದೆ.

ಲೆಕ್ಕ ಹಾಕಿ ನೋಡಿ. ಮಳೆ ನಿಂತ ದಿನ ನಿಮ್ಮ ಮೆಕ್ಕೆಜೋಳಕ್ಕೆ 49 ದಿನ, ಮತ್ತೆ ಮಳೆ ಬಿದ್ದಾಗ 73 ದಿನ. ಚಿಕ್ಕಪ್ಪನ ರಾಗಿಗೆ ಅದೇ ಹೊತ್ತಿನಲ್ಲಿ 17 ದಿನ, 41 ದಿನ. ಅಂದರೆ ಆಶ್ಲೇಷ, ಮಘೆ ಮಳೆ ಎರಡೂ ಕೈಕೊಟ್ಟಾಗ ನಿಮ್ಮ ಬೆಳೆ ಸೂಲಂಗಿ (ತಲೆಯ ಮೇಲಿನ ಗಂಡು ಹೂ) ಬಿಚ್ಚಿ ಕೂದಲು ಇಳಿಸುವ ಹೊತ್ತಿನಲ್ಲಿತ್ತು, ಅವರದು ತೆಂಡೆ (ಬುಡದ ಹೊಸ ಕವಲು) ಒಡೆಯುವ ಹೊತ್ತಿನಲ್ಲಿತ್ತು. ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’ ಅನ್ನುವ ಗಾದೆ ಮೆಕ್ಕೆಜೋಳ ನಮ್ಮ ಕಡೆ ಕಾಲಿಡುವ ಮೊದಲೇ ಇತ್ತು. ಆದರೆ ಜೂನ್ ನಡುವೆ ಬಿತ್ತಿದ ಮೆಕ್ಕೆಜೋಳಕ್ಕೆ ಅದು ಅಕ್ಷರಶಃ ಹೊಂದುತ್ತದೆ. ಚಿಕ್ಕಪ್ಪನ ರಾಗಿ ಗೆದ್ದದ್ದರಲ್ಲಿ ಅರ್ಧ ಪಾಲು ರಾಗಿಯದು, ಉಳಿದರ್ಧ ಬಿತ್ತಿದ ದಿನದ್ದು. ಅವರೇನಾದರೂ ಜೂನ್ ಮೊದಲ ವಾರವೇ ಬಿತ್ತಿ, ಆ ಇಪ್ಪತ್ನಾಲ್ಕು ದಿನಗಳಲ್ಲಿ ರಾಗಿ ಹೊಡೆಯಲ್ಲಿ, ಅಂದರೆ ತೆನೆ ಹೊರಬರುವ ಹೊತ್ತಿನಲ್ಲಿ, ಇದ್ದಿದ್ದರೆ ಅವರಿಗೂ ಜೊಳ್ಳು ತೆನೆ ಸಿಗುತ್ತಿತ್ತು. ಇಷ್ಟು ನಷ್ಟ ಆಗುತ್ತಿರಲಿಲ್ಲ, ಆದರೆ ಆಗುತ್ತಿತ್ತು.

ಇನ್ನೊಂದು ಸಣ್ಣ ಮಾತನ್ನು ನೀವೇ ಬರೆದು, ನೀವೇ ದಾಟಿ ಹೋಗಿದ್ದೀರಿ: ‘ನನ್ನ ಮೆಕ್ಕೆಜೋಳವೂ ಹಸಿರಾಯಿತು.’ ಅದು ಸಾಯಲಿಲ್ಲ ಅಲ್ಲವೇ? ಗಿಡವಾಗಿ ಮೆಕ್ಕೆಜೋಳವೂ ಬರವನ್ನು ತಡೆದುಕೊಂಡಿತು. ತಡೆಯಲಾಗದೆ ಹೋದದ್ದು ಕಾಳು ಕಟ್ಟುವ ಕೆಲಸ. ಗಿಡ ಬದುಕುವುದು ಬೇರೆ, ಬೆಳೆ ಕೈಗೆ ಬರುವುದು ಬೇರೆ. ಬರ ತಡೆಯುವ ತಳಿ, ಬರ ತಡೆಯುವ ಔಷಧಿ ಎಂದು ಮಾರುವವರು ಈ ಎರಡನ್ನು ಬೆರೆಸಿಯೇ ಮಾತಾಡುತ್ತಾರೆ.

ತೆನೆಯೊಳಗೆ ಏನಾಯಿತು ಎಂದು ಹತ್ತಿರದಿಂದ ನೋಡೋಣ. ಮೆಕ್ಕೆಜೋಳದ ಗಂಡು ಹೂ ತಲೆಯ ಮೇಲೆ, ಹೆಣ್ಣು ಹೂ ಸೊಂಟದಲ್ಲಿ. ತೆನೆಯ ತುದಿಯಿಂದ ಇಳಿಬೀಳುವ ಒಂದೊಂದು ಕೂದಲೂ ಒಂದೊಂದು ಕಾಳಿನದು. ಒಳಗೆ ಐನೂರು ಕಾಳಿಗೆ ಜಾಗವಿದ್ದರೆ ಐನೂರು ಕೂದಲು ಹೊರಬಂದು, ಪ್ರತಿಯೊಂದಕ್ಕೂ ಪರಾಗ ತಾಗಬೇಕು. ಕೂದಲು ಬಹುಪಾಲು ನೀರೇ. ನೀರು ಒತ್ತಿದರಷ್ಟೇ ಅದು ಉದ್ದವಾಗುತ್ತದೆ; ಗಿಡದಲ್ಲಿ ನೀರು ಕಡಿಮೆಯಾದರೆ ಮೊದಲು ನಿಲ್ಲುವ ಕೆಲಸಗಳಲ್ಲಿ ಇದೂ ಒಂದು. ಆದರೆ ಸೂಲಂಗಿ ಕಾಯುವುದಿಲ್ಲ. ಮಳೆ ಇರಲಿ ಬಿಡಲಿ, ಅದು ತನ್ನ ದಿನಕ್ಕೆ ಬಿಚ್ಚಿ, ಹೆಚ್ಚೆಂದರೆ ಒಂದು ವಾರ ಪರಾಗ ಉದುರಿಸಿ ಮುಗಿಸುತ್ತದೆ. ಒಳ್ಳೆಯ ವರ್ಷ ಇವೆರಡರ ನಡುವಿನ ಅಂತರ ಎರಡು ಮೂರು ದಿನ. ಬರದಲ್ಲಿ ಅದು ಏಳೆಂಟು ದಿನಕ್ಕೆ ಹಿಗ್ಗುತ್ತದೆ. ಕೂದಲು ಹೊರಗೆ ಬರುವ ಹೊತ್ತಿಗೆ ಮೇಲೆ ಪರಾಗವೇ ಇಲ್ಲ. ಮದುವೆ ದಿಬ್ಬಣ ತಲುಪುವಷ್ಟರಲ್ಲಿ ಮುಹೂರ್ತ ಮೀರಿದಂತೆ. ಎರಡು ವಾರ ಕಳೆದು ಮಳೆ ಬಂದು ಗಿಡ ಎಷ್ಟೇ ಹಸಿರಾದರೂ ಆ ಗಿಡಕ್ಕೆ ಎರಡನೇ ಸೂಲಂಗಿ ಇಲ್ಲ.

ಇದನ್ನು ಹೊಲದಲ್ಲೇ ತಿಳಿಯಬಹುದು. ಕೂದಲು ಇಳಿದ ನಾಲ್ಕೈದು ದಿನಕ್ಕೆ ಒಂದು ತೆನೆ ಮುರಿದು, ಚಾಕುವಿನಿಂದ ಉದ್ದಕ್ಕೆ ಗೀರಿ, ಸಿಪ್ಪೆಯನ್ನು ಕೂದಲು ಕಿತ್ತುಬರದ ಹಾಗೆ ನಿಧಾನವಾಗಿ ಬಿಡಿಸಿ, ತೆನೆಯನ್ನು ತಲೆಕೆಳಗು ಹಿಡಿದು ಮೆಲ್ಲಗೆ ಅಲುಗಾಡಿಸಿ. ಪರಾಗ ತಾಗಿ ಕಾಳು ಕಚ್ಚಿದ ಕಡೆ ಕೂದಲು ತಾನಾಗಿ ಉದುರುತ್ತದೆ. ಕಾಳು ಕಚ್ಚದ ಕಡೆ ಕೂದಲು ಅಂಟಿಕೊಂಡೇ ಇರುತ್ತದೆ. ಬುಡದ ಕೂದಲು ಮೊದಲು ಹೊರಬರುವುದರಿಂದ ಅಲ್ಲಿ ಒಂದಿಷ್ಟು ಕಾಳು ಸಿಕ್ಕಿ, ತುದಿ ಬೋಳಾಗಿದ್ದರೆ ಅಂತರ ಸ್ವಲ್ಪ ಹಿಗ್ಗಿತ್ತು ಎಂದು ತಿಳಿಯಿರಿ. ನಿಮ್ಮ ಹಾಗೆ ಬರೀ ಬೆಂಡು ಸಿಕ್ಕರೆ ಪೂರ್ತಿ ತಪ್ಪಿಹೋಗಿದೆ ಎಂದರ್ಥ. ಈ ಪರೀಕ್ಷೆಯ ಲಾಭವೆಂದರೆ ಸೆಪ್ಟೆಂಬರ್ ಕೊನೆಯವರೆಗೆ ಆಸೆ ಇಟ್ಟುಕೊಂಡು ಇನ್ನೊಂದು ಸಲ ಗೊಬ್ಬರ ಹಾಕುವ ಖರ್ಚು ಉಳಿಯುತ್ತದೆ.

ಮೆಕ್ಸಿಕೋದಲ್ಲಿರುವ ಅಂತರರಾಷ್ಟ್ರೀಯ ಮೆಕ್ಕೆಜೋಳ ಮತ್ತು ಗೋಧಿ ಸಂಸ್ಥೆ ಸಿಮ್ಮಿಟ್, 1970ರ ದಶಕದಲ್ಲಿ ಬರಕ್ಕೆ ಮೆಕ್ಕೆಜೋಳ ಆಯುವ ಕೆಲಸ ಶುರು ಮಾಡಿತು. ಟಕ್ಸ್‌ಪೆನ್ಯೊ ಎಂಬ ತಳಿಗುಂಪನ್ನು ಬೇಕೆಂದೇ ಬರಕ್ಕೆ ಒಡ್ಡಿ, ಪೀಳಿಗೆಯಿಂದ ಪೀಳಿಗೆಗೆ ಆಯುತ್ತಾ ಹೋದರು. ಹಲವು ಸುತ್ತಿನ ನಂತರ ಇಳುವರಿ ಏರಿತು. ಏಕೆ ಏರಿತು ಎಂದು ಅಳೆದು ನೋಡಿದರೆ, ಬೇರು ಭಾರಿ ಆಳಕ್ಕೇನೂ ಹೋಗಿರಲಿಲ್ಲ, ಎಲೆಯ ನೀರಿನ ಮಟ್ಟವೂ ಅಷ್ಟೇನೂ ಬದಲಾಗಿರಲಿಲ್ಲ. ಎದ್ದು ಕಂಡ ಬದಲಾವಣೆ ಒಂದೇ: ಪರಾಗ ಉದುರುವುದಕ್ಕೂ ಕೂದಲು ಬರುವುದಕ್ಕೂ ನಡುವಿನ ಅಂತರ ಚಿಕ್ಕದಾಗಿತ್ತು. ಇವತ್ತು ಬರ ತಾಳುವ ಮೆಕ್ಕೆಜೋಳ ಎಂದು ಬರುವ ಒಳ್ಳೆಯ ಹೈಬ್ರಿಡ್‌ಗಳ ಹಿಂದೆ ಬಹಳಷ್ಟು ಮಟ್ಟಿಗೆ ಇದೇ ಗುಣವಿದೆ. ಬೀಜದಂಗಡಿಯಲ್ಲಿ ನೀವು ಕೇಳಬೇಕಾದ ಪ್ರಶ್ನೆಯೂ ಇದೇ. ‘ಬರ ತಡೆಯುತ್ತದಾ?’ ಎಂದು ಕೇಳಿದರೆ ತಡೆಯುತ್ತದೆ ಎಂದೇ ಹೇಳುತ್ತಾರೆ. ‘ಎಷ್ಟು ದಿನಕ್ಕೆ ಸೂಲಂಗಿ, ಎಷ್ಟು ದಿನಕ್ಕೆ ಕೂದಲು?’ ಎಂದು ಕೇಳಿ.

ಈಗ ರಾಗಿಗೆ ಬರೋಣ. ಅನೇಕರು ರಾಗಿ ‘ಸಿ4’ ಗುಂಪಿನ ಬೆಳೆ, ಕಡಿಮೆ ನೀರಿನಲ್ಲಿ ಹೆಚ್ಚು ಆಹಾರ ಮಾಡಿಕೊಳ್ಳುತ್ತದೆ, ಅದಕ್ಕೇ ಬರ ತಡೆಯುತ್ತದೆ ಎಂದು ಬರೆಯುತ್ತಾರೆ. ಮಾತು ನಿಜ, ಆದರೆ ಇಲ್ಲಿಗೆ ಹೊಂದುವುದಿಲ್ಲ. ಮೆಕ್ಕೆಜೋಳವೂ ಅದೇ ಗುಂಪಿನದು. ಜೋಳ, ಸಜ್ಜೆ, ಕಬ್ಬು ಎಲ್ಲವೂ. ಈ ಗುಂಪಿನ ಬೆಳೆಗಳು ಒಂದು ಕಿಲೋ ಒಣ ಸೊಪ್ಪು-ದಂಟು-ಕಾಳು ಕಟ್ಟಲು ಸುಮಾರು 300ರಿಂದ 350 ಕಿಲೋ ನೀರು ಖರ್ಚು ಮಾಡಿದರೆ, ಗೋಧಿ, ಭತ್ತದಂಥವು 500ರಿಂದ 700 ಕಿಲೋ ಖರ್ಚು ಮಾಡುತ್ತವೆ. ಹಾಗಾಗಿ ನೀರಿನ ಮಿತವ್ಯಯದಲ್ಲಿ ನಿಮ್ಮ ಹೊಲ, ಚಿಕ್ಕಪ್ಪನ ಹೊಲ ಎರಡೂ ಹೆಚ್ಚುಕಡಿಮೆ ಸಮ.

ವ್ಯತ್ಯಾಸ ಇರುವುದು ಕೆಲಸ ಮುಂದೂಡುವ ಸ್ವಭಾವದಲ್ಲಿ. ರಾಗಿ ತನ್ನ ಗಂಟನ್ನೆಲ್ಲ ಒಂದೇ ದಿನದ ಮೇಲೆ ಇಡುವುದಿಲ್ಲ. ಒಂದು ಬುಡದಲ್ಲಿ ನಾಲ್ಕೈದು ತೆಂಡೆ, ಎಲ್ಲಕ್ಕೂ ಒಂದೇ ದಿನ ತೆನೆ ಬರುವುದಿಲ್ಲ. ಒಂದು ತೆನೆಯಲ್ಲೂ ಹೂ ಹಲವು ದಿನ ಅರಳುತ್ತವೆ, ಪರಾಗ ಅದೇ ಹೂವಿನೊಳಗೇ ಇರುತ್ತದೆ, ದಾರಿ ಕಾಯುವ ಗೊಡವೆ ಇಲ್ಲ. ಎಳೆಯ ಹೊತ್ತಿನಲ್ಲಿ ಮಳೆ ನಿಂತರೆ ತೆಂಡೆ ಒಡೆಯುವುದನ್ನು ನಿಲ್ಲಿಸಿ, ಮೇಲಿನ ಬೆಳವಣಿಗೆಗೆ ಬೀಗ ಹಾಕಿ ಸುಮ್ಮನೆ ಕೂರುತ್ತದೆ. ಮಳೆ ಬಂದ ಮೇಲೆ ಕೆಲಸ ಮುಂದುವರಿಸುತ್ತದೆ.

ನಮ್ಮ ಹಳಬರು ಈ ಸ್ವಭಾವವನ್ನು ಚೆನ್ನಾಗಿ ಬಲ್ಲವರಾಗಿದ್ದರು, ಅದನ್ನು ಬಳಸಿಕೊಳ್ಳುತ್ತಲೂ ಇದ್ದರು. ಇಪ್ಪತ್ತು ಇಪ್ಪತ್ತೈದು ದಿನದ ರಾಗಿ ಪೈರಿನ ಮೇಲೆ ಹಲುಬೆ (ಹಲ್ಲುಗಳಿರುವ ಕುಂಟೆ) ಹೊಡೆಯುವುದನ್ನು ಮೊದಲ ಸಲ ನೋಡಿದ ಪೇಟೆಯ ವಿದ್ಯಾರ್ಥಿಗಳು ಗಾಬರಿಯಾಗುತ್ತಾರೆ. ಪೈರು ಅರ್ಧ ಕಿತ್ತು, ಅರ್ಧ ಮಲಗಿ, ದನ ಹಾಯ್ದ ಹಾಗೆ ಕಾಣುತ್ತದೆ. ಹಾವೇರಿ ಕಡೆ ಗುಳಿಯಲ್ಲಿ ರಾಗಿ ನೆಡುವ ಗುಳಿ ರಾಗಿಯವರು ಎಳೆಯ ಪೈರಿನ ಮೇಲೆ ಕೊರಡನ್ನೇ ಎಳೆಯುತ್ತಾರೆ. ಪೈರು ಬಾಗುತ್ತದೆ, ತುದಿಯ ಓಟಕ್ಕೆ ತಡೆ ಬೀಳುತ್ತದೆ, ಬುಡದ ಕಣ್ಣುಗಳು ಎಚ್ಚರಗೊಂಡು ತೆಂಡೆ ಹೆಚ್ಚುತ್ತದೆ. ಮೆಕ್ಕೆಜೋಳದ ಮೇಲೆ ಕೊರಡು ಎಳೆದು ನೋಡಿ, ಆಗ ಗೊತ್ತಾಗುತ್ತದೆ ಎರಡರ ವ್ಯತ್ಯಾಸ!

ಇನ್ನು ಎಲೆಯೊಳಗಿನ ವಿಚಾರ. ಎಲೆಯ ಮೈಮೇಲೆ ಕಣ್ಣಿಗೆ ಕಾಣದ ಬಾಯಿಗಳಿವೆ, ಪತ್ರರಂಧ್ರ ಅನ್ನುತ್ತೇವೆ. ಆ ಬಾಯಿಂದಲೇ ಗಾಳಿಯ ಇಂಗಾಲ ಒಳಗೆ ಬರಬೇಕು, ಅದೇ ಬಾಯಿಂದ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಉಣ್ಣಲು ಬಾಯಿ ತೆರೆದರೆ ನೀರು ಹೋಯಿತು, ನೀರು ಉಳಿಸಲು ಬಾಯಿ ಮುಚ್ಚಿದರೆ ಊಟ ನಿಂತಿತು. ಬರ ತಾಳುವುದರ ಎಲ್ಲ ಕಷ್ಟವೂ ಇಲ್ಲೇ ಇದೆ. ಮಣ್ಣು ಒಣಗುತ್ತಿದ್ದಂತೆ ಬೇರಿನಿಂದ ಎಲೆಗೆ ಸುದ್ದಿ ಹೋಗುತ್ತದೆ. 2018ರಲ್ಲಿ ಜಪಾನಿನ ಸಂಶೋಧಕರು ಸಾಸಿವೆ ಜಾತಿಯ ಒಂದು ಪುಟ್ಟ ಗಿಡದಲ್ಲಿ ಈ ಸುದ್ದಿ ಒಯ್ಯುವ ಒಂದು ಸಣ್ಣ ಪೆಪ್ಟೈಡನ್ನು, ಅಂದರೆ ಪ್ರೋಟೀನಿನಂಥ ಪುಟ್ಟ ತುಣುಕನ್ನು, ಪತ್ತೆ ಮಾಡಿದರು. ಸುದ್ದಿ ಮುಟ್ಟಿದ ಮೇಲೆ ಎಲೆಯಲ್ಲಿ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಹೆಚ್ಚುತ್ತದೆ. ಅದು ಬಾಯಿಯ ಎರಡು ತುಟಿಗಳಂಥ ಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಹೋಗುವಂತೆ ಮಾಡುತ್ತದೆ. ಅದರ ಹಿಂದೆ ನೀರೂ ಹೋಗುತ್ತದೆ, ತುಟಿ ಸೊರಗುತ್ತದೆ, ಬಾಯಿ ಮುಚ್ಚುತ್ತದೆ. ತೆಂಗಿನ ಗುಂಡಿಗೆ ಉಪ್ಪು ಹಾಕುವುದನ್ನು ಕಂಡು ನಗುತ್ತಿದ್ದವರಲ್ಲಿ ನಾನೂ ಒಬ್ಬ. ಪೊಟ್ಯಾಸಿಯಂ ಜೊತೆಗೆ ಓಡಾಡಲು ತೆಂಗಿಗೆ ಉಪ್ಪಿನಲ್ಲಿರುವ ಕ್ಲೋರೈಡ್ ವಿಶೇಷವಾಗಿ ಬೇಕು, ಅದು ಕಡಿಮೆಯಾದರೆ ಅದರ ಎಲೆಯ ಬಾಯಿ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂದು ಓದಿದ ಮೇಲೆ ನಗು ನಿಲ್ಲಿಸಿದೆ.

ಉಪಕರಣವಿಲ್ಲದೆ ಇದನ್ನು ತಿಳಿಯಬೇಕೆಂದರೆ ಮಧ್ಯಾಹ್ನ ಎರಡಕ್ಕೆ ಬಿಸಿಲಿಗೆ ಮುಖ ಮಾಡಿದ ಎಲೆಯನ್ನು ಅಂಗೈ ಹಿಂಭಾಗದಿಂದ ಮುಟ್ಟಿ. ತಣ್ಣಗಿದ್ದರೆ ಬಾಯಿ ತೆರೆದಿದೆ, ಗಿಡ ಬೆವರುತ್ತಿದೆ. ಬೆಚ್ಚಗಿದ್ದರೆ ಬಾಯಿ ಮುಚ್ಚಿದೆ. ಮೆಕ್ಕೆಜೋಳದ ಎಲೆ ಮಧ್ಯಾಹ್ನ ಈರುಳ್ಳಿ ಎಲೆಯ ಹಾಗೆ ಸುರುಳಿಯಾದರೆ ಹೆದರಬೇಡಿ. ಅದು ಕೊಡೆ ಮಡಿಸಿದ ಹಾಗೆ, ಬಿಸಿಲು ತಾಗುವ ಮೈ ಕಡಿಮೆ ಮಾಡಿಕೊಳ್ಳುವ ಉಪಾಯ. ಬೆಳಿಗ್ಗೆ ಆರಕ್ಕೆ ಹೋಗಿ ನೋಡಿ. ರಾತ್ರಿ ಬಿಚ್ಚಿಕೊಂಡಿದ್ದರೆ ಬೇರಿಗೆ ಇನ್ನೂ ನೀರು ಸಿಗುತ್ತಿದೆ. ಆರಕ್ಕೂ ಸುರುಳಿಯಾಗೇ ಇದ್ದರೆ ಮಣ್ಣಿನಲ್ಲಿ ಉಳಿದದ್ದು ಮುಗಿಯಿತು. ಬೇಕಾದಾಗಲೆಲ್ಲ ನೀರು ಕೊಡುವ ಅನುಕೂಲ ಇದ್ದವರು ಅವತ್ತೇ ಕೊಡಬೇಕು, ನಾಳೆಗೆ ಬಿಡಬಾರದು.

ಬಿಜಾಪುರದ ಕಪ್ಪು ಎರೆಯಲ್ಲಿ ನಿಲ್ಲುವ ಹಿಂಗಾರಿ ಬಿಳಿಜೋಳದ ಸೊಗಸೇ ಬೇರೆ. ಬಿತ್ತಿದ ಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಮಣ್ಣು ಹಿಡಿದಿಟ್ಟ ಹಸಿಯಲ್ಲೇ ತೆನೆ ಹಾಕಬೇಕು. ಮಹಾರಾಷ್ಟ್ರದ ಮೊಹೋಳದಲ್ಲಿ 1930ರ ದಶಕದಲ್ಲಿ ಊರಿನ ತಳಿಯಿಂದಲೇ ಆಯ್ದ ಮಾಲ್ದಂಡಿ ಇವತ್ತಿಗೂ ಉತ್ತರ ಕರ್ನಾಟಕದ ಹೊಲಗಳಲ್ಲಿದೆ. ರೊಟ್ಟಿಗೆ ರುಚಿ, ದನಕ್ಕೆ ಕಣಿಕೆ, ಎಲೆದಂಟಿನ ಮೇಲೆ ಮೇಣದ ಬಿಳಿ ಪುಡಿ. ಅದಕ್ಕೆ ಬೇಕಾದ್ದು ಔಷಧಿಯಲ್ಲ, ಮುಂಗಾರಿನ ನೀರನ್ನು ಹೊಲದಲ್ಲೇ ಹಿಡಿಯುವ ಚೌಕು ಮಡಿ, ಬಿರುಕು ಮುಚ್ಚಲು ಸಾಲಿನ ನಡುವೆ ಹೊಡೆಯುವ ಎಡೆಕುಂಟೆ. ನಿಮ್ಮದು ಕೆಂಪು ಮಣ್ಣು. ಅಷ್ಟು ನೀರು ಹಿಡಿಯುವ ಹೊಟ್ಟೆ ಅದಕ್ಕಿಲ್ಲ. ಆದ್ದರಿಂದ ಆ ಕಡೆಯವರನ್ನು ನೋಡಿ ಹಿಂಗಾರಿ ಜೋಳಕ್ಕೆ ಹೋಗಬೇಡಿ.

ನಿಜವಾಗಿ ಒಣಗಿಯೂ ಬದುಕುವ ಗಿಡಗಳಿಲ್ಲವೇ? ಇವೆ. ಜಾತ್ರೆಯಲ್ಲಿ ‘ಸಂಜೀವಿನಿ’ ಎಂದು ಮಾರುವ, ಮುಷ್ಟಿಯಂತೆ ಮುದುಡಿದ ಒಣ ಗಿಡ ನೋಡಿರಬಹುದು. ನೀರಿಗೆ ಹಾಕಿದರೆ ಕೆಲವು ಗಂಟೆಗಳಲ್ಲಿ ಅರಳಿ ಹಸಿರಾಗುತ್ತದೆ. ಅದು ಸೆಲಜಿನೆಲ್ಲ ಎಂಬ ಜರೀಗಿಡದ ದೂರದ ನೆಂಟ. ಕೋಶದ ನೀರು ಹೋದಾಗ ಒಳಗಿನದೆಲ್ಲ ಅಂಟಿಕೊಂಡು ಹಾಳಾಗದಂತೆ ಸಕ್ಕರೆಗಳು ಮತ್ತು ಕೆಲವು ವಿಶೇಷ ಪ್ರೋಟೀನುಗಳು ನಡುವೆ ನಿಂತು ಕಾಯುತ್ತವೆ. ಆದರೆ ಇಂಥ ಗಿಡಗಳು ಗೇಣುದ್ದ ಬೆಳೆಯುವುದಕ್ಕೇ ವರ್ಷಗಟ್ಟಲೆ ತೆಗೆದುಕೊಳ್ಳುತ್ತವೆ. ಎಕರೆಗೆ ಇಪ್ಪತ್ತು ಕ್ವಿಂಟಲ್ ಕೊಡಿ ಎಂದು ಅವನ್ನು ಕೇಳುವ ಹಾಗಿಲ್ಲ.

ಆ ಶಕ್ತಿ ನಿಮ್ಮ ಮನೆಯ ಕಣಜದಲ್ಲೂ ಇದೆ. ರಾಗಿ ಬೀಜದಲ್ಲಿ ನೂರಕ್ಕೆ ಹತ್ತು ಹನ್ನೆರಡು ಪಾಲಷ್ಟೇ ನೀರು, ಆದರೂ ಅದು ಜೀವಂತ. ಮೆಕ್ಕೆಜೋಳದ ಬೀಜವೂ ಹಾಗೆಯೇ. ಮೊಳಕೆ ಹೊರಬಂದು ಬೇರು ಉದ್ದವಾದ ಮೇಲೆ ಆ ವಿದ್ಯೆ ಮರೆತುಹೋಗುತ್ತದೆ. ನೆನೆದ ಬೀಜ ಮೊಳೆಯುವ ಸೂಚನೆ ತೋರಿಸುವುದಕ್ಕೂ ಮೊಳಕೆ ಉದ್ದವಾಗುವುದಕ್ಕೂ ನಡುವೆ ಸ್ವಲ್ಪ ಹೊತ್ತಿದೆಯಲ್ಲ, ಆಗ ಬೀಜ ಒಳಗಿನ ಕೆಲಸ ಶುರು ಮಾಡಿರುತ್ತದೆ, ಆದರೆ ಮತ್ತೆ ಒಣಗಿಸಿದರೆ ಸಾಯುವುದಿಲ್ಲ. ರಾಗಿಯಲ್ಲಿ ಬೀಜ ಗಟ್ಟಿಗೊಳಿಸುವ ಪದ್ಧತಿ ನಿಂತಿರುವುದು ಈ ಸಂಧಿಯ ಮೇಲೆ. ಕಿಲೋ ಬೀಜಕ್ಕೆ ಒಂದು ಲೀಟರ್ ನೀರಿನಲ್ಲಿ ಆರು ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿ ಎರಡು ದಿನ ಇಡಿ. ಮೊಳಕೆಯ ಮೊದಲ ಸುಳಿವು ಕಂಡ ಕೂಡಲೇ ನೆರಳಲ್ಲಿ ಬಟ್ಟೆಯ ಮೇಲೆ ಹರಡಿ ಎರಡು ದಿನ ಒಣಗಿಸಿ ಬಿತ್ತಿ. ಬಿಳಿ ಬೇರು ಎದ್ದು ಕಾಣುವಷ್ಟು ತಡ ಮಾಡಿದಿರೋ, ಆ ಬೀಜ ಹೋಯಿತು. ಖರ್ಚಿಲ್ಲದ ಕೆಲಸ, ಆದರೆ ಗಮನ ಬೇಡುತ್ತದೆ. ಅದಕ್ಕೇ ಯಾರೂ ಮಾಡುವುದಿಲ್ಲ.

ಬೀಗರ ಗದ್ದೆಯ ವಿಚಾರ. ಅದು ಇದೇ ಕಾಯಿಲೆಯ ಇನ್ನೊಂದು ಮುಖ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೀರು ಬಸಿದುಹೋಗಲು ದಾರಿಯಿಲ್ಲದ ಕಡೆ ಭೂಮಿ ಉಪ್ಪೇರಿ, ನೀರು ನಿಂತು ಸವಳು-ಜವಳಾಗಿದೆ. ಮಣ್ಣಿನ ನೀರಿನಲ್ಲಿ ಉಪ್ಪು ಹೆಚ್ಚಾದಷ್ಟೂ ಬೇರಿಗೆ ಆ ನೀರನ್ನು ಎಳೆಯುವುದು ಕಷ್ಟ. ಸಮುದ್ರದಲ್ಲಿ ದೋಣಿ ಏರಿದವನಿಗೆ ಬಾಯಾರಿದ ಹಾಗೆ, ಸುತ್ತಲೂ ನೀರಿದ್ದೂ ಗಿಡಕ್ಕೆ ಬರ. ಇದು ಮೊದಲ ಪೆಟ್ಟು. ಎರಡನೆಯದು ನಿಧಾನದ್ದು: ಸೋಡಿಯಂ ಒಳಹೊಕ್ಕು ಎಲೆಯಲ್ಲಿ ಜಮೆಯಾಗಿ, ಹಳೆಯ ಎಲೆಯ ತುದಿಯಿಂದ ಸುಡುತ್ತಾ ಬರುತ್ತದೆ. ಉಪ್ಪು ತಾಳುವ ಭತ್ತಗಳು ಸೋಡಿಯಂ ಎಲೆಗೆ ಏರದಂತೆ ಬೇರು-ಕಾಂಡದಲ್ಲೇ ಅದನ್ನು ನಾಳದಿಂದ ಹೊರಗೆಳೆದು ತಡೆಯುತ್ತವೆ. ಕೇರಳದ ಪೊಕ್ಕಾಳಿ ಭತ್ತದಲ್ಲಿ ಈ ಗುಣವನ್ನು ಗುರುತಿಸಿ ಬೇರೆ ತಳಿಗಳಿಗೆ ಕೂಡಿಸಿದ್ದಾರೆ. ನಮ್ಮಲ್ಲೇ ಕುಮಟಾದ ಅಘನಾಶಿನಿ ನದಿ ಕಡೆಯ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಕಗ್ಗ ಭತ್ತ ಉಪ್ಪುನೀರಿಗೂ ನೆರೆಗೂ ಹೆದರದೆ ನಿಲ್ಲುತ್ತದೆ. ಆದರೆ ಗಂಗಾವತಿಯ ಗದ್ದೆಗೆ ಕಗ್ಗ ತಂದು ಹಾಕಿದರೆ ಸಾಕು ಎಂದು ಹೇಳಲಾರೆ. ಅಲ್ಲಿ ಮೊದಲ ಕೆಲಸ ಬಸಿಗಾಲುವೆ. ಮಣ್ಣು ಪರೀಕ್ಷೆ ಮಾಡಿಸಿ, ಬರೀ ಉಪ್ಪೋ ಕ್ಷಾರವೋ ತಿಳಿಯಬೇಕು; ಜಿಪ್ಸಂ ಬೇಕಾಗುವುದು ಕ್ಷಾರಕ್ಕೆ, ಬರೀ ಉಪ್ಪಿಗಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಇದೇ ಕೆಲಸದಲ್ಲಿ ಪಳಗಿದವರು, ಅವರ ಬಾಗಿಲಿಗೆ ಹೋಗಲಿ.

ನೆರೆಯ ಮಾತು ಬಂತಲ್ಲ, ಒಂದು ಸ್ವಾರಸ್ಯ ಹೇಳಿ ಮುಂದೆ ಹೋಗುತ್ತೇನೆ. ಭತ್ತ ಪೂರ್ತಿ ಮುಳುಗಿದರೆ ಸಾಮಾನ್ಯವಾಗಿ ಗಾಳಿಗಾಗಿ ಮೇಲೆ ಮೇಲೆ ಚಾಚುತ್ತದೆ, ಇದ್ದ ಶಕ್ತಿಯನ್ನೆಲ್ಲ ಸುರಿದು, ನೀರು ಇಳಿದಾಗ ಜೋತು ಬಿದ್ದು ಸಾಯುತ್ತದೆ. ಒಡಿಶಾದ ಒಂದು ಹಳೆಯ ತಳಿ ಚಾಚುವುದೇ ಇಲ್ಲ. ಉಸಿರು ಬಿಗಿಹಿಡಿದು, ಎರಡು ವಾರದವರೆಗೆ ತಳದಲ್ಲೇ ಸುಮ್ಮನಿದ್ದು, ನೀರು ಇಳಿದ ಮೇಲೆ ಚಿಗುರುತ್ತದೆ. ಆ ಗುಣದ ವಂಶವಾಹಿ ಸಬ್1ಎ ಎಂದು 2006ರಲ್ಲಿ ಗುರುತಾಯಿತು. ಅದನ್ನು ಜನಪ್ರಿಯ ಸ್ವರ್ಣ ತಳಿಗೆ ಕೂಡಿಸಿದ ಸ್ವರ್ಣ-ಸಬ್1 2009ರಲ್ಲಿ ನಮ್ಮ ದೇಶದ ರೈತರ ಕೈಗೆ ಬಂತು. ಬರದ ರಾಗಿ, ನೆರೆಯ ಈ ಭತ್ತ: ಎರಡೂ ಮಾಡುವುದು ಸುಮ್ಮನಿರುವ ಕೆಲಸವನ್ನೇ.

ಈಗ ಟಾನಿಕ್. ನೀವು ಹೊಡೆದದ್ದರಲ್ಲಿ ಏನಿತ್ತು ಎಂದು ಬರೆದಿಲ್ಲ, ಬಹುಶಃ ಡಬ್ಬಿಯ ಮೇಲೂ ಬರೆದಿರಲಿಕ್ಕಿಲ್ಲ. ಇಂಥ ‘ಜೈವಿಕ ಉತ್ತೇಜಕ’ಗಳನ್ನು 2021ರಲ್ಲಿ ಕೇಂದ್ರ ಸರ್ಕಾರ ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ತಂದಿದೆ. ಆದ್ದರಿಂದ ಒಳಗೇನಿದೆ, ಯಾವ ಬೆಳೆಗೆ, ಎಷ್ಟು ಪ್ರಮಾಣ ಎಂದು ಮುದ್ರಿಸದ ಡಬ್ಬಿಯನ್ನು ಕೈಯಲ್ಲಿ ಹಿಡಿಯಬೇಡಿ, ಬಿಲ್ ಇಲ್ಲದೆ ಕೊಳ್ಳಬೇಡಿ. ಸಿಂಪಡಣೆಯಿಂದ ಚೂರೂ ಉಪಯೋಗವಿಲ್ಲ ಎನ್ನುವುದಿಲ್ಲ. ಮಣ್ಣಿನಲ್ಲಿ ಪೊಟ್ಯಾಷ್ ಕೊರತೆಯಿದ್ದರೆ ಬರ ಶುರುವಾಗುವ ಹೊತ್ತಿಗೆ ಶೇ 1ರ ಪೊಟ್ಯಾಸಿಯಂ ದ್ರಾವಣ ಎಲೆಗೆ ಕೊಡುವುದರಿಂದ ಅದರ ಬಾಯಿ ಮುಚ್ಚಿ-ತೆರೆಯುವ ಕೆಲಸ ಸುಧಾರಿಸುತ್ತದೆ. ಮಳೆ ಬಂದ ಮೇಲೆ, ಎಳೆಯ ಬೆಳೆಗೆ ಶೇ 2ರ ಯೂರಿಯಾ ಹೊಡೆದರೆ ಬೇಗ ಚೇತರಿಸುತ್ತದೆ. ಆದರೆ ಯಾವ ಸಿಂಪಡಣೆಯೂ ನೀರನ್ನು ಹುಟ್ಟಿಸುವುದಿಲ್ಲ, ತಪ್ಪಿದ ಮುಹೂರ್ತವನ್ನು ಮರಳಿ ತರುವುದಿಲ್ಲ. ಸುರುಳಿಯಾದ, ಬಾಯಿ ಮುಚ್ಚಿದ ಎಲೆಗೆ ಬೆಳವಣಿಗೆ ಚುರುಕು ಮಾಡುವ ಹಾರ್ಮೋನು ಹೊಡೆಯುವುದಂತೂ ಜ್ವರ ಬಂದವನನ್ನು ಓಟಕ್ಕೆ ನಿಲ್ಲಿಸಿದಂತೆ.

ತಳಿಯ ಬಗ್ಗೆಯೂ ಅಷ್ಟೇ ನಿಷ್ಠುರವಾಗಿ ಹೇಳಬೇಕು. ಅಮೆರಿಕದಲ್ಲಿ 2013ರಿಂದ ಒಂದು ಬ್ಯಾಕ್ಟೀರಿಯದ ವಂಶವಾಹಿ ಸೇರಿಸಿದ ಬರ ತಾಳುವ ಮೆಕ್ಕೆಜೋಳ ಮಾರಾಟದಲ್ಲಿದೆ. ಲಾಭ ಇದೆ, ಆದರೆ ಸಾಧಾರಣ. ನಮ್ಮಲ್ಲಿ 2025ರ ಮೇ ತಿಂಗಳಲ್ಲಿ ಪ್ರಕಟವಾದ ಪೂಸಾ ಡಿಎಸ್‌ಟಿ ರೈಸ್ 1 ಎಂಬ ಭತ್ತದಲ್ಲಿ ಹೊರಗಿನ ವಂಶವಾಹಿ ಸೇರಿಸಿಲ್ಲ, ಇದ್ದ ಒಂದನ್ನು ತಿದ್ದಿ ಸುಮ್ಮನಾಗಿಸಿದ್ದಾರೆ. ಎಲೆಯ ಮೇಲಿನ ಬಾಯಿಗಳ ಸಂಖ್ಯೆ ಕಡಿಮೆಯಾಗುತ್ತದೆ. ಚಂದದ ಕೆಲಸ. ಆದರೆ ಇಂಥ ಸುದ್ದಿ ಓದುವಾಗ ನನಗೆ ನನ್ನ ವಿದ್ಯಾರ್ಥಿ ದಿನಗಳ ಒಂದು ಪೇಚು ನೆನಪಾಗುತ್ತದೆ. ಕುಂಡದಲ್ಲಿ ಹತ್ತಾರು ತಳಿ ಬೆಳೆಸಿ, ನೀರು ನಿಲ್ಲಿಸಿ, ಯಾವುದು ಕೊನೆಗೆ ಬಾಡುತ್ತದೋ ಅದೇ ಗಟ್ಟಿ ಎಂದು ಪಟ್ಟಿ ಮಾಡಿದ್ದೆ. ಅದೇ ತಳಿಗಳನ್ನು ಹೊಲದಲ್ಲಿ ಬಿತ್ತಿದಾಗ ಪಟ್ಟಿ ತಲೆಕೆಳಗಾಯಿತು. ಕುಂಡದ ಮಣ್ಣು ನಾಲ್ಕು ದಿನದಲ್ಲಿ ಒಣಗುತ್ತದೆ; ಅಲ್ಲಿ ಗೆದ್ದದ್ದು ಎಲೆ ಚಿಕ್ಕದಿರುವ, ನೀರು ಕಡಿಮೆ ಕುಡಿಯುವ ಸೊರಗು ತಳಿ. ಹೊಲದಲ್ಲಿ ಬೇರು ಕೆಳಗಿಳಿಯಲು ಜಾಗವೂ ಇತ್ತು, ಸಮಯವೂ ಇತ್ತು; ಕುಂಡದಲ್ಲಿ ಮೊದಲು ಬಾಡಿದ್ದೇ ಅಲ್ಲಿ ಹೆಚ್ಚು ಕಾಳು ಕೊಟ್ಟಿತು. ಗೈಡ್ ನಗಲಿಲ್ಲ, ಬೈಯಲೂ ಇಲ್ಲ. ಇನ್ನೊಂದು ವರ್ಷ ಮಾಡು ಅಂದರು.

ಹಾಗಾದರೆ ಮುಂದಿನ ವರ್ಷ ಏನು ಮಾಡಬೇಕು? ಮೂರು ಎಕರೆಗೂ ಒಂದೇ ದಿನ, ಒಂದೇ ಹೈಬ್ರಿಡ್ ಹಾಕಬೇಡಿ. ಮೆಕ್ಕೆಜೋಳ ಬೇಕೇ ಬೇಕೆಂದರೆ ಒಂದು ಎಕರೆಗೆ ಹಾಕಿ, ಮಳೆ ಒಪ್ಪಿದರೆ ಹತ್ತು ಹನ್ನೆರಡು ದಿನ ಬಿಟ್ಟು ಬೇರೆ ಅವಧಿಯ ಹೈಬ್ರಿಡ್ ಇನ್ನೊಂದು ಎಕರೆಗೆ. ಎರಡಕ್ಕೂ ಒಟ್ಟಿಗೆ ಮುಹೂರ್ತ ತಪ್ಪುವುದು ಕಷ್ಟ. ಮೂರನೆಯ ಎಕರೆಗೆ ಚಿಕ್ಕಪ್ಪನನ್ನೇ ಕೇಳಿ ರಾಗಿ ಹಾಕಿ, ಅದೂ ಅಕ್ಕಡಿ ಸಾಲಿನ ಜೊತೆ. ಎಂಟು ಹತ್ತು ಸಾಲು ರಾಗಿಗೆ ಒಂದೆರಡು ಸಾಲು ತೊಗರಿ, ಅವರೆ. ತೊಗರಿಯ ಬೇರು ರಾಗಿ ತಲುಪಲಾರದ ಆಳಕ್ಕೆ ಇಳಿಯುತ್ತದೆ, ಹೂ ಒಂದು ಸಲ ಉದುರಿದರೂ ಮತ್ತೆ ಬಿಡುತ್ತದೆ. ತೊಗರಿ ರಾತ್ರಿ ಹೊತ್ತು ಆಳದ ನೀರನ್ನು ಮೇಲ್ಪದರಕ್ಕೆ ಬಿಟ್ಟು ಪಕ್ಕದ ರಾಗಿಗೂ ಒಂದಿಷ್ಟು ದಾಟಿಸುತ್ತದೆ ಎಂದು ಕುಂಡದ ಪ್ರಯೋಗಗಳಲ್ಲಿ ಕಂಡಿದೆ. ಕುಂಡ ಎಂದ ಮೇಲೆ ನನ್ನ ಅನುಮಾನ ನಿಮಗೆ ಗೊತ್ತೇ ಇದೆ: ತೀರಾ ಒತ್ತಾಗಿ ಹಾಕಿದರೆ ಹೊಲದಲ್ಲಿ ತೊಗರಿ ರಾಗಿಯ ನೀರನ್ನೇ ಕಸಿಯುತ್ತದೆ. ಹಿರಿಯರು ಸಾಲು ದೂರ ಬಿಟ್ಟಿದ್ದು ಸುಮ್ಮನೆ ಅಲ್ಲ.

ಮೆಕ್ಕೆಜೋಳಕ್ಕೆ ಯೂರಿಯಾ ಒಂದೇ ಸಲ ಸುರಿಯಬೇಡಿ. ಸೊಂಪಾದ ಎಲೆ ನೋಡಲು ಚೆಂದ, ಬರ ಬಂದಾಗ ಅಷ್ಟು ಎಲೆಗೂ ನೀರು ಬೇಕು. ಮೊದಲ ಮೂವತ್ತು ದಿನ ಸ್ವಲ್ಪ ಒಣಹವೆ ಬಂದರೆ ಬೇಸರ ಬೇಡ, ಎಡೆಕುಂಟೆ ಹೊಡೆಯಿರಿ. ಬೇರು ಕೆಳಗೆ ಹೋಗುವುದು ಆಗಲೇ. ಕೃಷಿ ಹೊಂಡ ಮಾಡಿಸುವ ಮನಸ್ಸಿದ್ದರೆ ಲೆಕ್ಕ ಹೀಗಿದೆ. ಮೇಲ್ಭಾಗ 12 ಮೀಟರ್ ಉದ್ದಗಲ, ಆಳ 3 ಮೀಟರ್, ಬದಿಯ ಇಳಿಜಾರು ಒಂದಕ್ಕೊಂದು ಇದ್ದರೆ ಸುಮಾರು 2.5 ಲಕ್ಷ ಲೀಟರ್ ಹಿಡಿಯುತ್ತದೆ. ಒಂದು ಎಕರೆಗೆ 5 ಸೆಂಟಿಮೀಟರ್ ನೀರು ನಿಲ್ಲಿಸಲು 2 ಲಕ್ಷ ಲೀಟರ್ ಬೇಕು. ಆವಿಯಾಗುವುದನ್ನು ಕಳೆದರೆ ಹೊಂಡದಲ್ಲಿರುವುದು ಒಂದು ಎಕರೆಗೆ ಒಂದೇ ನೀರು. ಸಾಲು ಬಿಟ್ಟು ಸಾಲು ಹಾಯಿಸಿದರೆ ಎರಡು ಎಕರೆಗೆ ಎಳೆಯಬಹುದು. ಆ ಒಂದು ನೀರನ್ನು ನಲವತ್ತನೇ ದಿನಕ್ಕೆ ಗಿಡ ಬಾಡಿತೆಂದು ಕನಿಕರಪಟ್ಟು ಕೊಟ್ಟುಬಿಡಬೇಡಿ. ಸೂಲಂಗಿಯ ತುದಿ ಸುಳಿಯಲ್ಲಿ ಇಣುಕುವವರೆಗೆ ಕೈ ಕಟ್ಟಿ ಕಾಯಿರಿ. ನನ್ನ ಅನುಭವದಲ್ಲಿ ರೈತರಿಗೆ ಅತ್ಯಂತ ಕಷ್ಟವಾಗುವುದು ಇದೇ.

ಕೊನೆಯದಾಗಿ ದನದ ಮೇವು. ಇದನ್ನು ಮೊದಲೇ ಬರೆಯಬೇಕಿತ್ತೇನೋ, ಕೊಯ್ಯುವ ಮೊದಲೇ ಓದಿ. ಬರದಲ್ಲಿ ಗಿಡ ಎಳೆದುಕೊಂಡ ಸಾರಜನಕ ಬಳಕೆಯಾಗದೆ ನೈಟ್ರೇಟ್ ಆಗಿ ದಂಟಿನ ಬುಡದಲ್ಲಿ ಕೂತಿರುತ್ತದೆ. ಮಳೆ ಬಂದ ಮೊದಲ ಕೆಲವು ದಿನ ಇನ್ನೂ ಹೆಚ್ಚು. ಆದ್ದರಿಂದ ಮಳೆಯಾಗಿ ಒಂದು ವಾರ ಕಳೆಯಲಿ, ಬುಡದ ಒಂದು ಅಡಿ ಹೊಲದಲ್ಲೇ ಬಿಟ್ಟು ಮೇಲಕ್ಕೆ ಕೊಯ್ಯಿರಿ, ಕತ್ತರಿಸಿ ಒಣ ಹುಲ್ಲಿನ ಜೊತೆ ಬೆರೆಸಿ ಸ್ವಲ್ಪಸ್ವಲ್ಪವೇ ಶುರು ಮಾಡಿ, ಹಸಿದ ದನಕ್ಕೆ ಒಮ್ಮೆಲೇ ಹಾಕಬೇಡಿ. ರಸಮೇವು (ಸೈಲೇಜ್) ಮಾಡಿದರೆ ನೈಟ್ರೇಟ್ ಒಂದಿಷ್ಟು ಇಳಿಯುತ್ತದೆ, ಮೂರು ಎಕರೆಯ ಮೇವಿಗೆ ಅದೇ ಅನುಕೂಲ. ಬದುವಿನ ಮೇಲೆ ಜೋಳದ ಗಿಡಗಳಿದ್ದರೆ ಅವುಗಳ ಎಳೆ ಚಿಗುರಿನ ಹತ್ತಿರ ದನ ಬಿಡಲೇಬೇಡಿ. ಬರ ತಿಂದು ಮಳೆಗೆ ಹೊಸದಾಗಿ ಚಿಗುರಿದ ಜೋಳದಲ್ಲಿ ಸಯನೈಡ್ ಹುಟ್ಟಿಸುವ ವಿಷವಿರುತ್ತದೆ, ಒಂದು ಹೊಟ್ಟೆ ಮೇದರೂ ದನ ಉಳಿಯುವುದು ಕಷ್ಟ. ಮೇವು ತಿಂದ ದನ ತೇಕತೊಡಗಿದರೆ, ತೂರಾಡಿದರೆ ಮನೆಮದ್ದು ಹುಡುಕುತ್ತಾ ಕೂರದೆ ಪಶುವೈದ್ಯರಿಗೆ ತಕ್ಷಣ ಫೋನ್ ಮಾಡಿ, ಯಾವ ಮೇವು ತಿಂದಿತ್ತು ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿ.